ಸ್ಟೈಲ್ ಸೆಟ್ಟಿಂಗ್ಸ್ ಪ್ಲಗಿನ್ ಹಾಕಿದರೂ ಅಬ್ಸಿಡಿಯನ್ ಎಡಿಟರ್ ಬದಲಾಗುತ್ತಿಲ್ಲ, ಯಾಕೆ?

ಟಿಪ್ಪಣಿ ಬರೆಯುವ ಆ್ಯಪ್ ಅಬ್ಸಿಡಿಯನ್‌ಗೆ ಸ್ಟೈಲ್ ಸೆಟ್ಟಿಂಗ್ಸ್ ಅನ್ನುವ ಪ್ಲಗಿನ್ (ಆ್ಯಪ್‌ಗೆ ಹೊರಗಿನಿಂದ ಸೇರಿಸುವ ತುಣುಕು) ಹಾಕಿದ್ದೀರಿ, ಆದರೆ ಅದರ ಸೆಟ್ಟಿಂಗ್ ಪುಟ ಖಾಲಿ ಇದೆ ಅಂತ ಕೇಳಿದ್ದೀರಿ. ಪ್ಲಗಿನ್ ಕೆಟ್ಟಿಲ್ಲ, ಅದರ ಕೆಲಸವೇ ಅಷ್ಟು. ಸ್ಟೈಲ್ ಸೆಟ್ಟಿಂಗ್ಸ್ ತಾನಾಗಿ ಏನನ್ನೂ ಬದಲಾಯಿಸುವುದಿಲ್ಲ. ಕೆಲವು ಥೀಮ್ ಮತ್ತು ಸಿಎಸ್‌ಎಸ್ (ಬಣ್ಣ, ಅಳತೆ, ಅಂತರ ಹೇಳುವ ಕೋಡ್) ಸ್ನಿಪೆಟ್‌ಗಳ ಒಳಗೆ, ಯಾವುದನ್ನೆಲ್ಲ ಬದಲಾಯಿಸಬಹುದು ಅಂತ ಅವನ್ನು ಬರೆದವರು ಒಂದು ಕಾಮೆಂಟ್‌ನಲ್ಲಿ, ಅಂದರೆ ಕೋಡ್ ನಡುವಿನ ಟಿಪ್ಪಣಿಯಲ್ಲಿ, ಗುರುತು ಹಾಕಿರುತ್ತಾರೆ. ಪ್ಲಗಿನ್ ಅದನ್ನು ಓದಿ ಸ್ಲೈಡರ್, ಬಣ್ಣ ಆರಿಸುವ ಬಟನ್ ಇತ್ಯಾದಿ ತೋರಿಸುತ್ತದೆ. ನೀವು ಡೀಫಾಲ್ಟ್ ಥೀಮ್‌ನಲ್ಲೇ ಇದ್ದೀರಿ ಅಂದಿರಿ. ಅದರಲ್ಲಿ ಅಂಥ ಗುರುತು ಇಲ್ಲ, ಅದಕ್ಕೇ ಪುಟ ಖಾಲಿ ಕಾಣುತ್ತಿದೆ.

ಈಗ ನಿಮಗೆ ಬೇಕಾಗಿರುವುದು ನೋಡೋಣ. ಅಕ್ಷರ ದೊಡ್ಡದಾಗಬೇಕು, ಕನ್ನಡದ ಸಾಲುಗಳು ಒಂದಕ್ಕೊಂದು ತಾಗಬಾರದು, ಹೆಡಿಂಗ್‌ಗೆ ಬಣ್ಣ ಬೇಕು. ಇದಕ್ಕೆ ಯಾವ ಪ್ಲಗಿನ್ನೂ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಫಾಂಟ್ ಮತ್ತು ಅದರ ಅಳತೆ ಅಪಿಯರೆನ್ಸ್ ಸೆಟ್ಟಿಂಗ್‌ನಲ್ಲೇ ಇದೆ. 'ಟೆಕ್ಸ್ಟ್ ಫಾಂಟ್' ಅನ್ನುವಲ್ಲಿ ನಿಮ್ಮ ಕಂಪ್ಯೂಟರ್‌ನಲ್ಲಿರುವ ಕನ್ನಡ ಫಾಂಟ್ ಆರಿಸಿ. ಸಾಲು ತೀರಾ ಗಿಡ್ಡ ಅನ್ನಿಸಿದರೆ ಎಡಿಟರ್ ಸೆಟ್ಟಿಂಗ್‌ನಲ್ಲಿ 'ರೀಡಬಲ್ ಲೈನ್ ಲೆಂಗ್ತ್' ಆಫ್ ಮಾಡಿ.

ಸಾಲಿನ ಅಂತರಕ್ಕೆ ಮಾತ್ರ ಒಂದು ಸ್ನಿಪೆಟ್ ಬರೆಯಬೇಕು. ಡೀಫಾಲ್ಟ್ ಅಂತರ ಅಕ್ಷರದ ಅಳತೆಯ 1.5 ಪಟ್ಟು. ಇಂಗ್ಲಿಷ್‌ಗೆ ಅದು ಧಾರಾಳ. ನಮಗೆ 'ರಾಷ್ಟ್ರ', 'ಲಕ್ಷ್ಮಿ' ಥರದ ಪದಗಳಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು ಬರುತ್ತದೆ, ಮುಂದಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. 1.8ರ ಹತ್ತಿರ ಇಟ್ಟು ನೋಡಿ, ನಿಮ್ಮ ಫಾಂಟಿಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ. ದೊಡ್ಡ ಹೆಡಿಂಗ್‌ಗೆ ಡೀಫಾಲ್ಟ್ ಬರೀ 1.2. ಹೆಡಿಂಗ್ ಎರಡನೇ ಸಾಲಿಗೆ ಹೋದರೆ ಗಲಾಟೆ ಜಾಸ್ತಿ ಆಗುವುದು ಅಲ್ಲೇ. ಅದನ್ನೂ ಬೇರೆಯಾಗಿ ಏರಿಸಬೇಕು.

ಸ್ನಿಪೆಟ್ ಅಂದರೆ ಒಂದು ಸಣ್ಣ ಫೈಲ್. ಅಪಿಯರೆನ್ಸ್ ಪುಟದ ಕೊನೆಯಲ್ಲಿ ಸಿಎಸ್‌ಎಸ್ ಸ್ನಿಪೆಟ್ಸ್ ಅಂತ ಇದೆ. ಪಕ್ಕದ ಫೋಲ್ಡರ್ ಐಕಾನ್ ಒತ್ತಿದರೆ ಅದರ ಜಾಗ ತೆರೆಯುತ್ತದೆ. ಫೈಲ್ ಅಲ್ಲಿ ಹಾಕಿ, ರೀಲೋಡ್ ಒತ್ತಿ, ಸ್ವಿಚ್ ಆನ್ ಮಾಡಿ. ಫೈಲ್ ಪಟ್ಟಿಯಲ್ಲಿ ಕಾಣದಿದ್ದರೆ ಹೆಸರಿನ ಕೊನೆ ನೋಡಿ, ಅಲ್ಲಿ .css ಅಂತ ಮಾತ್ರ ಇರಬೇಕು. ನೋಟ್‌ಪ್ಯಾಡ್ ಸಿಎಸ್‌ಎಸ್ ಆದಮೇಲೆ ಸುಮ್ನೆ ಟಿಎಕ್ಸ್‌ಟಿ ಅಂತಲೂ ಸೇರಿಸಿಬಿಟ್ಟಿರುತ್ತದೆ.

ಹೆಡಿಂಗ್ ಬಣ್ಣಕ್ಕೆ ಅಂತರ್ಜಾಲದಲ್ಲಿ ಸಿಗುವ ಹಳೇ ಕೋಡ್ ಕಾಪಿ ಮಾಡಬೇಡಿ. ನೀವು ಬರೆಯುವ ಲೈವ್ ಪ್ರಿವ್ಯೂ ಒಂದು, ಓದುವ ರೀಡಿಂಗ್ ವ್ಯೂ ಇನ್ನೊಂದು. ಎರಡರ ಒಳಗಿನ ರಚನೆಯೂ ಬೇರೆ. ಹಾಗಾಗಿ ಒಂದರಲ್ಲಿ ಬಣ್ಣ ಬಂದು ಇನ್ನೊಂದರಲ್ಲಿ ಬರದೇ ಇರಬಹುದು. ಅಬ್ಸಿಡಿಯನ್ ತಾನೇ ಕೊಡುವ ಸಿಎಸ್‌ಎಸ್ ವೇರಿಯಬಲ್‌ಗಳಲ್ಲಿ (ಹೆಸರಿಟ್ಟ ಬೆಲೆಗಳು, ಒಂದು ಕಡೆ ಬದಲಾಯಿಸಿದರೆ ಸಾಕು) ಹೆಡಿಂಗ್‌ನ ಒಂದೊಂದು ಹಂತಕ್ಕೂ ಬಣ್ಣದ ವೇರಿಯಬಲ್ ಇದೆ. ಅದನ್ನು ಬದಲಾಯಿಸಿದರೆ ಎರಡು ಕಡೆಯೂ ಒಂದೇ ಸಲಕ್ಕೆ ಬದಲಾಗುತ್ತದೆ. ಸಾಲಿನ ಅಂತರಕ್ಕೂ ಹೀಗೇ ವೇರಿಯಬಲ್ ಇದೆ.

ಪ್ಲಗಿನ್ ಮೇಲೆ ನನಗೆ ಸಿಟ್ಟೇನಿಲ್ಲ. ಟೂಲ್‌ಬಾರ್ ಬೇಕು, ಟೇಬಲ್ ಸುಲಭವಾಗಿ ಬರೆಯಬೇಕು ಅಂದರೆ ಪ್ಲಗಿನ್ನೇ ಸರಿ, ಅದು ಸಿಎಸ್‌ಎಸ್‌ನಿಂದ ಆಗುವ ಕೆಲಸವಲ್ಲ. ಆದರೆ ಬೇರೆಯವರು ಬರೆದ ಕಮ್ಯುನಿಟಿ ಪ್ಲಗಿನ್‌ಗೆ ನಿಮ್ಮ ಕಂಪ್ಯೂಟರಿನ ಫೈಲ್‌ಗಳನ್ನು ಮುಟ್ಟುವ ಅಧಿಕಾರ ಸಿಗುತ್ತದೆ. ಇಂಥ ಪ್ಲಗಿನ್‌ಗಳನ್ನು ತಡೆದಿಡುವ ರಿಸ್ಟ್ರಿಕ್ಟೆಡ್ ಮೋಡ್ ತೆಗೆಯುವಾಗ ಆ್ಯಪ್ ಎಚ್ಚರಿಸುವುದೂ ಇದಕ್ಕೇ. ಬರೀ ಬಣ್ಣಕ್ಕಾಗಿ ಅಷ್ಟೊಂದು ಯಾಕೆ ಕೊಡಬೇಕು, ಅಲ್ವಾ? ಸ್ಲೈಡರ್ ಎಳೆದು ಆಡುವ ಆಸೆ ಇದ್ದರೆ 'ಮಿನಿಮಲ್' ಥೀಮ್ ಹಾಕಿಕೊಳ್ಳಿ. ಆಗ ನಿಮ್ಮ ಸ್ಟೈಲ್ ಸೆಟ್ಟಿಂಗ್ಸ್ ಪುಟ ತುಂಬಿಕೊಳ್ಳುತ್ತದೆ.

ಫೋನ್‌ನಲ್ಲೂ ಇದೇ ಬೇಕಿದ್ದರೆ ಮೊದಲು ಕಂಪ್ಯೂಟರ್‌ನಲ್ಲೇ ಎಲ್ಲ ಮುಗಿಸಿ, ಆಮೇಲೆ ಸಿಂಕ್ ಮಾಡಿ. ಸ್ನಿಪೆಟ್ ಇರುವ ಫೋಲ್ಡರ್‌ನ ಹೆಸರು ಚುಕ್ಕೆಯಿಂದ ಶುರುವಾಗುತ್ತದೆ, ಹಾಗಾಗಿ ಫೋನ್‌ನ ಫೈಲ್ ಆ್ಯಪ್‌ಗಳು ಅದನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ಬೇರೆ ಸಿಂಕ್ ಆ್ಯಪ್ ಬಳಸುತ್ತಿದ್ದರೆ ಅದು ಈ ಫೋಲ್ಡರನ್ನು ಬಿಟ್ಟುಬಿಟ್ಟಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.