ಕನ್ನಡ ನಾಡಿನ ಯುದ್ಧ ಪೈಲಟ್

ಪ್ರಶ್ನೆ: ನಮ್ಮ ಬೀದರ್ ವಾಯುನೆಲೆಯಿಂದ ಹಾಕ್ ವಿಮಾನಗಳು ಹಾರುವುದನ್ನು ನೋಡುತ್ತಾ ಬೆಳೆದವನು ನಾನು. ಯುದ್ಧದಲ್ಲಿ ಹೆಸರು ಮಾಡಿದ ಕನ್ನಡ ನಾಡಿನ ಪೈಲಟ್ ಇದ್ದಾರಾ?
– ಓದುಗ, ಬೀದರ್

ಉತ್ತರ: ಇದ್ದಾರೆ, ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟ ತಂಡದಲ್ಲಿ ಅವರು ಮೀಸಲು ಪೈಲಟ್, ಬೇರೆ ಯಾರಾದರೂ ಹಿಂದೆ ಉಳಿದರೆ ಮಾತ್ರ ಹೋಗಬೇಕಿತ್ತು. ಹೋದರು. ಎದುರಾದದ್ದು ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದ ಜೆಟ್. ಇವರದು ಹಳೇ ಮಿಸ್ಟೇರ್, ವೇಗದಲ್ಲಿ ಅದಕ್ಕೆ ಸಾಟಿಯೇ ಅಲ್ಲ. ಏಟು ತಿಂದ ವಿಮಾನದಲ್ಲೇ ತಿರುಗಿ ಬಿದ್ದು, ಗುಂಡು ಹಾರಿಸಿ ಅದನ್ನು ಉರುಳಿಸಿದರು ನೋಡಿ! ಆ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದ. ದೇವಯ್ಯ ವಾಪಸ್ ಬರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅಷ್ಟು ತಡವಾದದ್ದು ನನಗೆ ಈಗಲೂ ಸಂಕಟ.