ಸುಡುಬಿಸಿಲಲ್ಲಿ ಟ್ರೇಲರ್ ಫ್ರಿಡ್ಜ್ ಸೋಲುವುದೇಕೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವಿರುವುದು ಅಮೆರಿಕದ ಫೀನಿಕ್ಸ್‌ನಲ್ಲಿ. ಈಚೆಗೆ ಹದಿನಾರು ಅಡಿಯ ಹಳೆಯ ಕ್ಯಾಂಪರ್ ಟ್ರೇಲರ್ (ಗಾಡಿಯ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ) ಕೊಂಡೆವು. ಗ್ಯಾಸ್, ಮನೆ ಕರೆಂಟು, ಬ್ಯಾಟರಿ ಮೂರರಲ್ಲೂ ನಡೆಯುವ ಫ್ರಿಡ್ಜ್ ಅದರಲ್ಲಿದೆ. ರಾತ್ರಿ ಚೆನ್ನಾಗಿ ತಣ್ಣಗಿರುತ್ತದೆ. ಮಧ್ಯಾಹ್ನ ಹೊರಗೆ 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಳಗೆ 14ಕ್ಕೆ ಏರುತ್ತದೆ, ಹಾಲು ಕೆಡುತ್ತದೆ. ಹೊರಗೋಡೆಯ ಮೇಲಿನ ಜಾಲರಿಗೆ ಕಂಪ್ಯೂಟರ್ ಫ್ಯಾನ್ ಕೂರಿಸಿದರೂ ಹೆಚ್ಚೇನೂ ಬದಲಾಗಲಿಲ್ಲ. ಫ್ರಿಡ್ಜೇ ಹೊಸದು ಹಾಕಿಸಬೇಕೆ?

ಉತ್ತರ: ಈಗಲೇ ಬೇಡ. ರಾತ್ರಿ ತಣ್ಣಗಾಗುತ್ತಿದೆ ಎಂದರೆ ಕೂಲಿಂಗ್ ಯೂನಿಟ್‌ಗೆ ಜೀವವಿದೆ. ನಿಮ್ಮದು ಕಂಪ್ರೆಸರ್ ಇಲ್ಲದ ಅಬ್ಸಾರ್ಪ್ಷನ್ ಫ್ರಿಡ್ಜ್. ಅದರ ಕೊಳವೆಗಳಲ್ಲಿ ಅಮೋನಿಯಾ, ನೀರು, ಹೈಡ್ರೋಜನ್ ಇರುತ್ತವೆ. ಕೆಳಗಿನ ಬಾಯ್ಲರ್ ಅನ್ನು ಗ್ಯಾಸ್ ಬರ್ನರ್‌ನಿಂದಲೋ ಕರೆಂಟಿನ ಹೀಟರ್‌ನಿಂದಲೋ ಕಾಯಿಸಿದಾಗ ಅಮೋನಿಯಾ ಆವಿಯಾಗಿ ಮೇಲೇರುತ್ತದೆ, ಹಿಂಬದಿಯ ನೆತ್ತಿಯಲ್ಲಿರುವ ಕಂಡೆನ್ಸರ್ ರೆಕ್ಕೆಗಳಲ್ಲಿ ಬಿಸಿ ಬಿಟ್ಟುಕೊಟ್ಟು ದ್ರವವಾಗುತ್ತದೆ, ಆಮೇಲೆ ಒಳಗಿಳಿದು ತಂಪು ಕೊಡುತ್ತದೆ. ಆ ರೆಕ್ಕೆಗಳಿಗೆ ಗಾಳಿ ತಾಕದಿದ್ದರೆ ಮುಂದಿನದೆಲ್ಲ ಕುಂಟುತ್ತದೆ. ಕೆಳಗಿನ ಜಾಲರಿಯಿಂದ ಬಂದ ಗಾಳಿ ಬಿಸಿಯಾಗಿ ಮೇಲಿನ ಜಾಲರಿಯಿಂದ ಹೊರಹೋಗಬೇಕು, ಸೌದೆ ಒಲೆಯ ಹೊಗೆಗೂಡಿನ ಹಾಗೆ.

ಸಣ್ಣ ಟ್ರೇಲರ್‌ಗಳಲ್ಲಿ ಎಡವಟ್ಟು ಆಗುವುದು ಇಲ್ಲೇ. ಫ್ರಿಡ್ಜ್ ಗೂಡನ್ನು ಅಳತೆಗಿಂತ ದೊಡ್ಡದಾಗಿ ಕಟ್ಟಿರುತ್ತಾರೆ. ಹಿಂದೆ ಮೂರು ನಾಲ್ಕು ಇಂಚು ಖಾಲಿ ಬಿಟ್ಟರೆ ಗಾಳಿ ರೆಕ್ಕೆಗಳನ್ನು ಬಿಟ್ಟು ಗೋಡೆಗುಂಟ ಸಲೀಸಾಗಿ ಏರಿಹೋಗುತ್ತದೆ. ಫ್ರಿಡ್ಜ್‌ನ ಮೇಲೆ ಖಾಲಿ ಜಾಗವಿದ್ದರೆ ಬಿಸಿಗಾಳಿ ಅಲ್ಲೇ ಮಡುಗಟ್ಟಿ ತಂಪು ಪೆಟ್ಟಿಗೆಯ ನೆತ್ತಿಯನ್ನೇ ಕಾಯಿಸುತ್ತದೆ. ಜಾಗ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ತಿರುಗುಮುರುಗು. ನಿಮ್ಮ ಫ್ಯಾನ್ ಸೋತದ್ದೂ ಇದರಿಂದಲೇ: ಜಾಲರಿಗೆ ಅಂಟಿದ ಫ್ಯಾನ್ ಪಕ್ಕದ ಸಂದಿಯಿಂದ ಹೊರಗಾಳಿ ಎಳೆದು ಮತ್ತೆ ಹೊರಗೇ ತಳ್ಳುತ್ತದೆ.

ಮೊದಲು ಎರಡೂ ಜಾಲರಿ ಬಿಚ್ಚಿ, ಟಾರ್ಚ್ ಹಾಕಿ ಅಳೆಯಿರಿ. ಕಂಡೆನ್ಸರ್‌ಗೂ ಹೊರಗೋಡೆಗೂ ನಡುವೆ ಒಂದು ಇಂಚಿಗಿಂತ ಹೆಚ್ಚು ಸಂದಿ ಇರಬಾರದು. ಹೆಚ್ಚಿದ್ದರೆ ಅರ್ಧ ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ಇಲ್ಲವೇ ಜಿಂಕ್ ತಗಡನ್ನು ಗೂಡಿನ ಅಗಲಕ್ಕೆ ಕತ್ತರಿಸಿ, ಕಂಡೆನ್ಸರ್‌ನ ಸ್ವಲ್ಪ ಕೆಳಗಿನಿಂದ ಹೊರಗೋಡೆಗೆ ಓರೆಯಾಗಿ ಕೂರಿಸಿ, ಸಂದಿಯನ್ನು ಒಂದು ಇಂಚಿಗೆ ಇಳಿಸಿ. ಎರಡನೆಯ ತಗಡು ಫ್ರಿಡ್ಜ್‌ನ ಹಿಂಬದಿ ಮೇಲಂಚಿನಿಂದ ಮೇಲಿನ ಜಾಲರಿಯ ಮೇಲಂಚಿನವರೆಗೆ ಇಳಿಜಾರಾಗಿ ಹೋಗಬೇಕು. ಆಗ ನೆತ್ತಿಯ ಖಾಲಿ ಜಾಗಕ್ಕೆ ಬಿಸಿಗಾಳಿ ಸೇರುವುದಿಲ್ಲ. ಅಂಚುಗಳಿಗೆ ಅಲ್ಯುಮಿನಿಯಂ ಫಾಯಿಲ್ ಟೇಪ್ ಹಾಕಿ. ಬಟ್ಟೆಯ ಡಕ್ಟ್ ಟೇಪ್ ಬಿಸಿಗೆ ಅಂಟು ಬಿಡುತ್ತದೆ. ಸ್ಕ್ರೂ ಕೊರೆಯುವ ಮುಂಚೆ ಆ ಜಾಗದಲ್ಲಿ ವೈರೂ ಗ್ಯಾಸ್ ಪೈಪೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಬರ್ನರ್‌ನ ಹೊಗೆ ಕೊಳವೆಯ ಬಾಯಿಗೆ ತಗಡು ಅಡ್ಡ ಬರಕೂಡದು. ಫೋಮ್, ಮರ ಅದರ ಹತ್ತಿರ ಸುಳಿಯಲೇಬಾರದು.

ಇಷ್ಟಾದ ಮೇಲೆ ಫ್ಯಾನ್. 12 ವೋಲ್ಟಿನ 120 ಮಿಲಿಮೀಟರ್ ಫ್ಯಾನ್ ಎರಡು, ಬಾಲ್ ಬೇರಿಂಗ್ ಇರುವಂಥವು, ರೆಕ್ಕೆಗಳ ಕೆಳಗೆ ಮೇಲ್ಮುಖವಾಗಿ ಊದುವಂತೆ. ಬರ್ನರ್ ಹತ್ತಿರ ಬೇಡ, ಉರಿ ಆರುತ್ತದೆ. ಕಂಡೆನ್ಸರ್ ರೆಕ್ಕೆಗೆ 45 ಡಿಗ್ರಿಗೆ ಆನ್ ಆಗುವ ಥರ್ಮೋಸ್ಟಾಟ್ ಸ್ವಿಚ್ ಬಿಗಿದು, ಪಾಸಿಟಿವ್ ವೈರಿಗೆ 2 ಆಂಪಿಯರ್ ಫ್ಯೂಸ್ ಕೊಡಿ. ಎರಡೂ ಸೇರಿ ಅರ್ಧ ಆಂಪಿಯರ್ ಎಳೆದರೂ ಸ್ವಿಚ್ ಇಲ್ಲದೆ ದಿನವಿಡೀ ಓಡಿದರೆ 12 ಆಂಪಿಯರ್ ಅವರ್ ಖರ್ಚು. ಸಣ್ಣ ಬ್ಯಾಟರಿಗೆ ಅದು ಭಾರವೇ.

ಇಷ್ಟೆಲ್ಲ ಮಾಡಿದರೂ ಒಂದು ಮಿತಿ ಇದ್ದೇ ಇದೆ. ಫ್ರಿಡ್ಜ್‌ನ ಲೇಬಲ್ ಮೇಲೆ ಹವಾಮಾನ ವರ್ಗ ಬರೆದಿದೆಯೇ ನೋಡಿ: ಎನ್ ಎಂದರೆ 32 ಡಿಗ್ರಿವರೆಗೆ, ಎಸ್‌ಟಿ 38, ಟಿ 43. ಎನ್ ವರ್ಗದ್ದನ್ನು ಫೀನಿಕ್ಸ್‌ನ ಜೂನ್‌ಗೆ ಒಡ್ಡಿ 4 ಡಿಗ್ರಿ ಕೇಳಿದರೆ ಸಿಗದು. ಮಧ್ಯಾಹ್ನ ಫ್ರಿಡ್ಜ್ ಇರುವ ಗೋಡೆ ಉತ್ತರಕ್ಕೋ ಪೂರ್ವಕ್ಕೋ ಬರುವಂತೆ ಟ್ರೇಲರ್ ನಿಲ್ಲಿಸಿ. ಟಾರು ನೆಲ ಆದಷ್ಟು ತಪ್ಪಿಸಿ, ಕೆಳಗಿನ ಜಾಲರಿ ಎಳೆದುಕೊಳ್ಳುವುದು ಆ ನೆಲದ ಬಿಸಿಯನ್ನೇ. ಹೊರಡುವ ಹಿಂದಿನ ದಿನವೇ ಮನೆ ಕರೆಂಟಿನಲ್ಲಿ ಫ್ರಿಡ್ಜ್ ಶುರು ಮಾಡಿ, ಒಳಗಿಡುವುದನ್ನು ತಣ್ಣಗೆ ಮಾಡಿಯೇ ಇಡಿ. ನಿಲ್ಲಿಸಿದಾಗ ಟ್ರೇಲರ್ ಸಮತಟ್ಟಾಗಿರಲಿ. ಫ್ರಿಡ್ಜ್ ಬಾಗಿಲ ಎದುರು ನಿಂತು ನೋಡಿದಂತೆ ಅದು ಪಕ್ಕಕ್ಕೆ 3 ಡಿಗ್ರಿ, ಹಿಂದೆಮುಂದೆ 6 ಡಿಗ್ರಿ ವಾಲಿದರೆ ಸಾಮಾನ್ಯವಾಗಿ ಅದೇ ಗಡಿ. ಅದನ್ನು ಮೀರಿದರೆ ದ್ರವ ಹರಿಯದೆ ಬಾಯ್ಲರ್ ಸುಟ್ಟು, ಆ ಹಾನಿ ಮತ್ತೆ ಸರಿಹೋಗದು. ಹಿಂಬದಿಯಲ್ಲಿ ಹಳದಿ ಪುಡಿಯೋ ಕಲೆಯೋ, ಅಮೋನಿಯಾ ವಾಸನೆಯೋ ಕಂಡರೆ ಯೂನಿಟ್ ಸೋರಿದೆ ಎಂದೇ ಅರ್ಥ. ಆಗ ಮಾತ್ರ ಹೊಸದರ ಮಾತು.

ಗಾಡಿ ಓಡುವಾಗ ಬ್ಯಾಟರಿಯಲ್ಲಿ ತಣ್ಣಗಾಗದಿದ್ದರೆ ವೈರ್ ನೋಡಿ. 12 ವೋಲ್ಟಿಗೆ 120 ವ್ಯಾಟ್ ಕೊಡುವ ಹೀಟರ್, ತೆಳು ವೈರಿನಲ್ಲಿ ವೋಲ್ಟೇಜ್ 10ಕ್ಕೆ ಇಳಿದರೆ ಕೊಡುವುದು 83 ವ್ಯಾಟ್ ಮಾತ್ರ. ಎಂಜಿನ್ ಓಡುತ್ತಿರುವಾಗ, ಫ್ರಿಡ್ಜ್‌ನ ಹಿಂದಿನ ತುದಿಯಲ್ಲೇ ಮೀಟರ್ ಹಿಡಿದು ನೋಡಬೇಕು.

ಪ್ರಶ್ನೆ: ಫ್ರಿಡ್ಜ್ ಹಿಂಬದಿಯ ಗೂಡಿಗೂ ಟ್ರೇಲರ್ ಒಳಗಿಗೂ ನಡುವೆ ಬೆರಳು ಹೋಗುವಷ್ಟು ಸಂದಿ ಇದೆ. ಗಾಳಿಯಾಡಲಿ ಎಂದು ಬಿಡಬಹುದೆ?

ಉತ್ತರ: ಖಂಡಿತ ಬೇಡ. ಬರ್ನರ್‌ನ ಕಾರ್ಬನ್ ಮಾನಾಕ್ಸೈಡ್ ಮಲಗುವ ಜಾಗಕ್ಕೆ ಬರುವ ದಾರಿ ಅದು. ಸಂದಿಯನ್ನು ಬೆಂಕಿ ಹತ್ತದ ಸೀಲಂಟ್ ಹಾಕಿ ಮುಚ್ಚಿ, ಒಳಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಡಿ. ಕೆಳಗಿನ ಜಾಲರಿಯನ್ನು ಮಾತ್ರ ಎಂದೂ ಪೂರ್ತಿ ಮುಚ್ಚಬಾರದು. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ಅಲ್ಲಿಂದಲೇ ಹೊರಗೆ ಇಳಿಯಬೇಕು.

ಪ್ರಶ್ನೆ: ಗ್ಯಾಸ್ ಉರಿ ಹಳದಿಯಾಗಿದೆ, ಮಸಿ ಕಟ್ಟುತ್ತಿದೆ.

ಉತ್ತರ: ಬರ್ನರ್ ಕೊಳವೆಯಲ್ಲಿ ಜೇಡದ ಬಲೆಯೋ ಕಣಜದ ಮಣ್ಣುಗೂಡೋ ಇರಬಹುದು, ಇಲ್ಲವೇ ಹೊಗೆ ಕೊಳವೆಯಿಂದ ತುಕ್ಕು ಉದುರಿರಬಹುದು. ಗ್ಯಾಸ್ ಬಂದ್ ಮಾಡಿ, ಆರಿದ ಮೇಲೆ ಬಿಚ್ಚಿ ಒಣ ಬ್ರಷ್‌ನಿಂದ ಉಜ್ಜಿ. ಗ್ಯಾಸ್ ಬರುವ ಸಣ್ಣ ರಂಧ್ರಕ್ಕೆ ಸೂಜಿ, ತಂತಿ ಚುಚ್ಚಬೇಡಿ. ರಂಧ್ರ ಹಿಗ್ಗಿದರೆ ಉರಿ ಕೆಡುತ್ತದೆ. ಆ ಬಿಡಿಭಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ ಪೂರ್ತಿ ಒಣಗಿಸಿ. ಮತ್ತೆ ಜೋಡಿಸಿದ ಮೇಲೆ ಪ್ರತಿ ಜಾಯಿಂಟಿಗೂ ಸೋಪು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿಯೇ ಹೊತ್ತಿಸಿ. ಹುಳ ಬಾರದಿರಲೆಂದು ಜಾಲರಿಗೆ ಸೊಳ್ಳೆ ಪರದೆ ಕಟ್ಟುವವರಿದ್ದಾರೆ. ಅದು ಗಾಳಿಯನ್ನೂ ತಡೆಯುತ್ತದೆ, ಧೂಳು ಕೂತರಂತೂ ಇನ್ನೂ ಹೆಚ್ಚು. ಸ್ವಲ್ಪ ದೊಡ್ಡ ಕಣ್ಣಿನ ಸ್ಟೀಲ್ ಜಾಲರಿ ಹಾಕಿ, ಸೀಸನ್ ಶುರುವಾಗುವಾಗಲೊಮ್ಮೆ ಬ್ರಷ್ ಆಡಿಸಿ.