ಅಟ್ಟದ ಮೇಲೆ ಸಿಕ್ಕಿದ ಬೆಂಕಿಪಟ್ನಗಳು: ಲೇಬಲ್ ಬಿಚ್ಚೋಕೆ ಮುಂಚೆ ಇದನ್ನ ಓದಿ

ಪಾಂಡವಪುರದ ಅಣ್ಣ, ನಿಮ್ಮ ಪೋಸ್ಟ್ ನಿನ್ನೆ ರಾತ್ರೀನೇ ನೋಡ್ದೆ. ತಂದೆಯವರ ಚಿಲ್ರೆ ಅಂಗಡಿ ಟ್ರಂಕಲ್ಲಿ ಅರವತ್ತು ಬೆಂಕಿಪಟ್ನ ಸಿಕ್ಕಿವೆ, ನರಿ ದ್ರಾಕ್ಷಿ, ಕೋತಿ ಮೊಸಳೆ ಥರ ಕಥೆ ಚಿತ್ರಗಳಿವೆ, ಲೇಬಲ್ ಬಿಚ್ಚಿ ಆಲ್ಬಂಗೆ ಗೋಂದು ಹಾಕಿ ಅಂಟಿಸ್ಲಾ, ಎಷ್ಟು ಹಳೇವು, ಒಬ್ರು ಎಲ್ಲಾ ಒಟ್ಗೆ ಕೊಟ್ಬಿಡಿ ಅಂತಿದ್ದಾರೆ ಏನ್ಮಾಡ್ಲಿ ಅಂತ ಕೇಳಿದ್ದೀರ. ದಯವಿಟ್ಟು ಬಿಚ್ಚಬೇಡಿ. ಗೋಂದಂತೂ ಬೇಡವೇ ಬೇಡ.

ಯಾಕಂದ್ರೆ ಚಿತ್ರ ಬರೀ ಮುಖ ಅಷ್ಟೇ, ಡಬ್ಬಿ ವಯಸ್ಸು ಗೊತ್ತಾಗೋದು ಬೆನ್ನಲ್ಲಿ ಮತ್ತೆ ಪಕ್ಕದಲ್ಲಿ. ನಾನು ಮೈಸೂರಲ್ಲಿ ಗುಜರಿ ಅಂಗಡಿ ಸುತ್ತಿ ಸುತ್ತಿ ಇಪ್ಪತ್ತು ವರ್ಷದಿಂದ ಕೂಡಿಡ್ತಾ ಇದ್ದೀನಿ, ಶುರೂನಲ್ಲಿ ಬಂದಿದ್ದನ್ನೆಲ್ಲಾ ನೀರಲ್ಲಿ ನೆನೆಹಾಕಿ ಲೇಬಲ್ ಮಾತ್ರ ಇಟ್ಕೊಂಡೆ, ಈಗ ಅವು ಯಾವ ಊರಿಂದು, ಯಾವ ಕಾಲದ್ದು ಅಂತ ಹೇಳೋಕೆ ನನ್ ಹತ್ರ ಏನೂ ಆಧಾರ ಇಲ್ಲ. ಕಾಗೆ ಹೂಜಿದೊಂದು ಕೆಂಪು ಲೇಬಲ್ ಇತ್ತು, ನೀರಿಗೆ ಹಾಕಿದ ಎರಡೇ ನಿಮಿಷಕ್ಕೆ ಬಣ್ಣ ಎಲ್ಲಾ ಬಿಟ್ಕೊಂಡ್ಬಿಡ್ತು. ಆ ಥರದ್ದು ಇನ್ನೊಂದು ನಂಗೆ ಇವತ್ತಿನವರೆಗೂ ಸಿಕ್ಕಿಲ್ಲ, ಈಗಲೂ ನೆನೆಸಿಕೊಂಡ್ರೆ ಬೇಜಾರಾಗತ್ತೆ.

ಮೊದಲ್ನೇ ಕೆಲಸ, ಒಳಗೆ ಕಡ್ಡಿ ಇದ್ರೆ ಎಲ್ಲಾ ತೆಗೀರಿ. ಕಡ್ಡಿ ತಲೇಲಿ ಪೊಟ್ಯಾಶಿಯಂ ಕ್ಲೋರೇಟ್ ಇರತ್ತೆ, ಗೀರೋ ಪಟ್ಟೀಲಿ ಕೆಂಪು ರಂಜಕ, ಎಷ್ಟೇ ಹಳೇದಾದ್ರೂ ಒಣಗಿದ್ರೆ ಹತ್ಕೊಳತ್ತೆ. ಬಕೆಟ್ ನೀರಲ್ಲಿ ಚೆನ್ನಾಗಿ ನೆನೆಸಿ ಆಮೇಲೆ ಬಿಸಾಕಿ. ಯಾರಿಗಾದ್ರೂ ಪೋಸ್ಟಲ್ಲಿ ಕಳಿಸೋದಾದ್ರೂ ಖಾಲಿ ಡಬ್ಬೀನೇ ಕಳಿಸ್ಬೇಕು, ಬೆಂಕಿ ಹತ್ತೋ ವಸ್ತು ಅಂಚೇಲಿ ಕಳಿಸೋ ಹಾಗಿಲ್ಲ. ಆ ಗೀರೋ ಪಟ್ಟಿ ಇನ್ನೊಂದು ಡಬ್ಬಿ ಚಿತ್ರಕ್ಕೆ ತಾಗದ ಹಾಗೂ ನೋಡ್ಕೊಳ್ಳಿ, ತೇವಕ್ಕೆ ರಂಜಕ ನಿಧಾನಕ್ಕೆ ಆಮ್ಲ ಆಗಿ ಪಕ್ಕದ ಕಾಗದಾನ ಕಂದು ಮಾಡ್ಬಿಡತ್ತೆ, ನಿಮ್ಮ ಫೋಟೋದಲ್ಲಿ ಆಮೆ ಮೊಲದ ಡಬ್ಬಿ ಮೇಲೆ ಅಡ್ಡ ಕಂದು ಗೆರೆ ಕಾಣ್ತಿದೆಯಲ್ಲ, ನಂಗೇನೋ ಅದು ಇದೇ ಅನ್ಸತ್ತೆ.

ಈಗ ವಯಸ್ಸಿನ ವಿಷ್ಯ. ಒಂದು ಭೂತಗನ್ನಡಿ ತಗೊಂಡು ಪಕ್ಕದಲ್ಲಿರೋ ಸಣ್ಣ ಅಕ್ಷರ ಓದಿ. ಶಿವಕಾಶಿ ವಿಳಾಸದಲ್ಲಿ ಆರಂಕಿ ಪಿನ್‌ಕೋಡ್ ಇದ್ರೆ ಅದು 1972ರ ಆಗಸ್ಟ್ ಆದ್ಮೇಲಿಂದೇ, ಪಿನ್‌ಕೋಡ್ ಶುರುವಾಗಿದ್ದೇ ಆಗ. ರಾಮನಾಡ್ ಜಿಲ್ಲೆ ಅಂತಿದ್ರೆ ಸಾಮಾನ್ಯವಾಗಿ 1985ಕ್ಕಿಂತ ಮುಂಚಿಂದು, ಆಗ ಶಿವಕಾಶಿ ರಾಮನಾಥಪುರಂ ಜಿಲ್ಲೇಲಿತ್ತು, 85ರಲ್ಲಿ ಕಾಮರಾಜರ್ ಜಿಲ್ಲೆ ಆಯ್ತು, ಆಮೇಲೆ ಅದೇ ವಿರುಧುನಗರ. ಮದ್ರಾಸ್ ರಾಜ್ಯ ಅಂತಿದ್ರೆ 1969ಕ್ಕಿಂತ ಹಿಂದೆ. ನಮ್ ಕಡೆ ವಿಳಾಸ ಇದ್ದು ಮೈಸೂರು ಸ್ಟೇಟ್ ಅಂತ ಬರ್ದಿದ್ರೆ 1973ರ ನವೆಂಬರ್‌ಗಿಂತ ಹಿಂದೆ. ಬೆಲೆ ನಯೇ ಪೈಸೆಲಿ ಇದ್ರೆ 1957ರಿಂದ 64ರ ಮಧ್ಯೆ. ಹಳೇ ಬ್ಲಾಕು ಅಚ್ಚುಗಳನ್ನ ಸ್ವಲ್ಪ ಕಾಲ ಹಾಗೇ ಬಳಸ್ತಾ ಇದ್ರು, ಅದಕ್ಕೆ ಎರಡು ಮೂರು ವರ್ಷ ಆ ಕಡೆ ಈ ಕಡೆ ಇಟ್ಕೊಂಡೇ ಲೆಕ್ಕ ಹಾಕಿ. ಡಬ್ಬಿ ಬಾಯಿಗೆ ಅಡ್ಡ ಅಂಟಿಸಿರೋ ಸಣ್ಣ ಸರ್ಕಾರಿ ಪಟ್ಟಿ ಕಂಡ್ರೆ ಅದು ಅಬಕಾರಿ ಸುಂಕದ ಚೀಟಿ, ಬೆಂಕಿಪಟ್ನಕ್ಕೆ ಆ ಸುಂಕ ಬಂದಿದ್ದು 1934ರ ಕಾಯ್ದೇಲಿ. ಹರಿದಿದ್ರೂ ಪರವಾಗಿಲ್ಲ, ಆ ಚೂರನ್ನ ಕೀಳಬೇಡಿ, ಚಿತ್ರಕ್ಕಿಂತ ಜಾಸ್ತಿ ಬೆಲೆ ಇರೋದು ಕೆಲವು ಸಲ ಅದಕ್ಕೇ.

ಅಕ್ಷರ ಏನೂ ಓದೋಕಾಗದ ರಷ್ಯನ್ ಲಿಪಿ ಡಬ್ಬಿ ಎರಡಿವೆ ಅಂದ್ರಲ್ಲ, ಅದ್ರಲ್ಲಿ ಕೋತಿ, ಕತ್ತೆ, ಮೇಕೆ, ಕರಡಿ ಕೂತ್ಕೊಂಡು ವಾದ್ಯ ನುಡಿಸ್ತಾ ಇರೋದು ಪಂಚತಂತ್ರ ಅಲ್ಲ, ಈಸೋಪನ್ದೂ ಅಲ್ಲ, ಕ್ರಿಲೋವ್ ಅಂತ ರಷ್ಯಾದ ಕಥೆಗಾರರ ಕಥೆ. ಜಾಗ ಬದಲಾಯಿಸ್ಕೊಂಡು ಬದಲಾಯಿಸ್ಕೊಂಡು ಕೂತ್ರೂ ಅವಕ್ಕೆ ಸಂಗೀತ ಬರಲ್ಲ. ಸೋವಿಯತ್ ಲೇಬಲ್ ಮೇಲೆ 1820 ಅಂತ ಅಂಕಿ, ಅದರ ಮುಂದೆ ಗೆರೆ ಹಾಕಿ ಎರಡಂಕಿ ಇರತ್ತೆ ಹುಡುಕಿ. ಅದು ಬೆಂಕಿಕಡ್ಡಿಗೆ ಅವರ ಸರ್ಕಾರ ಮಾಡಿದ ಗುಣಮಟ್ಟದ ನಂಬರ್. ಕೊನೇಲಿ 56 ಇದ್ರೆ 1956ರ ನಿಯಮ, 69 ಇದ್ರೆ 1969ರದ್ದು, ಅಂದ್ರೆ 56 ಇರೋ ಡಬ್ಬಿ ಆ ಎರಡು ವರ್ಷದ ನಡುವೆ ಎಲ್ಲೋ ಬರತ್ತೆ.

ಇನ್ನು ನಮ್ ಕಡೆ ಕಥೆಗಳು ಯಾವುವು ಅಂತ ಬೇರೆ ಮಾಡೋದು. ನರಿ ದ್ರಾಕ್ಷಿ, ಆಮೆ ಮೊಲದ ಓಟ, ಕಾಗೆ ಹೂಜಿ, ಸಿಂಹ ಇಲಿ ಇವೆಲ್ಲ ಈಸೋಪ. ಕೋತಿ ಮೊಸಳೆ, ಮೊಲ ಸಿಂಹಾನ ಬಾವಿಗೆ ಬೀಳ್ಸಿದ್ದು, ಎರಡು ಹಂಸ ಕಡ್ಡಿ ಕಚ್ಕೊಂಡು ಆಮೇನ ಹಾರಿಸ್ಕೊಂಡು ಹೋಗೋದು, ನೀಲಿ ಬಣ್ಣದ ನರಿ, ಬಲೆ ಸಮೇತ ಹಾರೋ ಪಾರಿವಾಳಗಳು ಇವು ಪಂಚತಂತ್ರ. ಹನ್ನೊಂದನೇ ಶತಮಾನದಲ್ಲೇ ದುರ್ಗಸಿಂಹ ಕನ್ನಡಕ್ಕೆ ತಂದಿದ್ದು ಈ ಪಂಚತಂತ್ರಾನೇ, ಆಲ್ಬಂ ಮೊದಲ ಪುಟಕ್ಕೆ ಒಂದು ಸಾಲು ಬರ್ದಿಡಿ, ಮಕ್ಕಳು ಓದ್ತಾರೆ. ನಾನು ಬ್ರ್ಯಾಂಡ್ ಪ್ರಕಾರ ಜೋಡ್ಸಲ್ಲ, ಕಥೆ ಪ್ರಕಾರ ಜೋಡಿಸ್ತೀನಿ, ಒಂದೇ ಕೋತಿ ಮೊಸಳೆಯನ್ನ ನಾಲ್ಕು ಜನ ಕಲಾವಿದರು ಹೇಗೆ ಹೇಗೆ ಬಿಡಿಸಿದ್ದಾರೆ ಅಂತ ಪಕ್ಕ ಪಕ್ಕ ಇಟ್ಟು ನೋಡೋದೇ ಒಂದು ಸುಖ, ಒಬ್ರ ಮೊಸಳೆಗೆ ಹಲ್ಲೇ ಹಲ್ಲು, ಇನ್ನೊಬ್ರದ್ದು ಪಾಪ ಹಲ್ಲಿ ಥರ.

ಕ್ಲೀನ್ ಮಾಡೋದು ಅಂದ್ರೆ ಮೆತ್ತಗಿನ ಪೇಂಟಿಂಗ್ ಬ್ರಶ್ಶಲ್ಲಿ ಧೂಳು ತೆಗೀರಿ, ಅಷ್ಟೇ ಸಾಕು. ಒದ್ದೆ ಬಟ್ಟೆ, ಸ್ಪಿರಿಟ್ ಮುಟ್ಟಿಸ್ಬೇಡಿ. ಮರದ ಡಬ್ಬಿ ಹುಳ ತಿಂದು ಪುಡಿ ಪುಡಿ ಆಗಿದ್ರೆ ಮಾತ್ರ ಲೇಬಲ್ ಬಿಡಿಸಿ, ಆಗ್ಲೂ ಮೂಲೇಲಿ ಒದ್ದೆ ಹತ್ತಿ ಒತ್ತಿ ನೋಡಿ, ಹತ್ತಿಗೆ ಬಣ್ಣ ಬಂದ್ರೆ ಅಲ್ಲಿಗೇ ನಿಲ್ಸಿ. ಬರ್ಲಿಲ್ಲ ಅಂದ್ರೆ ತಟ್ಟೇಲಿ ತಣ್ಣೀರು ಹಾಕಿ ಮರದ ಕಡೆ ಕೆಳಗೆ ಮಾಡಿ ಬಿಡಿ, ಕಾಲು ಗಂಟೆಗೆ ಹಿಟ್ಟಿನ ಅಂಟು ಸಡಿಲ ಆಗತ್ತೆ, ಮರಾನ ಕೆಳಗೆ ಜಾರಿಸ್ಬೇಕೇ ಹೊರತು ಕಾಗದಾನ ಎಳೀಬಾರ್ದು, ಆಮೇಲೆ ಬ್ಲಾಟಿಂಗ್ ಪೇಪರ್ ಮಧ್ಯೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ ಎರಡು ದಿನ ನೆರಳಲ್ಲೇ ಬಿಡಿ. ನ್ಯೂಸ್‌ಪೇಪರ್ ಬೇಡ, ಅದರ ಮಸಿ ಹತ್ತತ್ತೆ.

ನಿಮ್ದು ನಾಲೆ ಬಯಲಿನ ಊರು, ಗದ್ದೆಗೆ ನೀರು ಬಿಟ್ರೆ ಮನೆ ಗೋಡೇನೂ ತಣ್ಣಗಾಗತ್ತೆ, ಹಂಗಾಗಿ ಕಬ್ಬಿಣದ ಟ್ರಂಕಿಂದ ಈಚೆ ತಂದುಬಿಡಿ. ಗಾಳಿಯಾಡೋ ರಟ್ಟಿನ ಪೆಟ್ಟಿಗೆ, ಮಧ್ಯ ಮಧ್ಯ ಬಿಳಿ ಕಾಗದ, ಮೂಲೇಲಿ ಸಿಲಿಕಾ ಜೆಲ್ ಪೊಟ್ಣ, ಜೊತೆಗೆ ಬಟ್ಟೇಲಿ ಕಟ್ಟಿದ ಬಜೆ ಬೇರು. ಓಲೆಗರಿ ಇಟ್ಟೋರು ಬಜೆ ಇಡ್ತಿದ್ರು, ಪುಸ್ತಕದ ಹುಳ ಹತ್ರ ಬರಲ್ಲ. ಲ್ಯಾಮಿನೇಶನ್ ಮಾತ್ರ ಬೇಡ, ಒಮ್ಮೆ ಮಾಡಿದ್ರೆ ವಾಪಸ್ ಬರಲ್ಲ.

ಕೇಳ್ತಿರೋರಿಗೆ ಈಗ್ಲೇ ಒಟ್ಗೆ ಕೊಡ್ಬೇಡಿ ಅಣ್ಣ, ಯಾವ ಡಬ್ಬಿ ಯಾವ ಕಾಲದ್ದು ಅಂತ ನಿಮ್ಗೇ ಗೊತ್ತಾಗೋ ಮುಂಚೆ ಬೆಲೆ ಹೇಳೋದು ಹೇಗೆ. ಮುಂದೆ ನೀವೇ ಕೊಳ್ಳೋ ಹಾಗಾದ್ರೆ ನೋಟು ನೋಡೋ ಯುವಿ ಟಾರ್ಚ್ ಒಂದು ಇಟ್ಕೊಳ್ಳಿ, 1930ರದ್ದು ಅಂತ ಹೇಳಿದ ಲೇಬಲ್ ಕತ್ಲಲ್ಲಿ ನೀಲಿಯಾಗಿ ಪಳಪಳ ಹೊಳೆದ್ರೆ ಕಾಗದಕ್ಕೆ ಹೊಳಪಿನ ರಾಸಾಯನಿಕ ಸೇರಿದೆ ಅಂತ ಅರ್ಥ, ಅಂಥ ಕಾಗದ ಬಂದಿದ್ದು ಅದಕ್ಕಿಂತ ಎಷ್ಟೋ ಆಮೇಲೆ.

ನಾಳೆ ಬೆಳಗ್ಗೆ ಬೆಳಕಲ್ಲಿ ಪ್ರತಿ ಡಬ್ಬಿದೂ ಮುಂದೆ, ಹಿಂದೆ, ಎರಡು ಪಕ್ಕ ಹೀಗೆ ನಾಲ್ಕು ಫೋಟೋ ಹಾಕಿ, ಆ ಕೋತಿ ಮೊಸಳೆದು ಮೊದ್ಲು. ಮೊಸಳೆ ಬಾಲದ ಹತ್ರ ಏನೋ ಸಣ್ಣ ಸಹಿ ಥರ ಕಾಣ್ತಿದೆ, ಅದನ್ನ ದೊಡ್ಡದು ಮಾಡಿ ತೆಗೀರಿ.